ಏಳೂ ಮಿತಿಯೊಳಗೆ ಇವೆಯಂತೆ. ಏಳೂ ಒಂದೇ ಗೊಂಚಲಿನಲ್ಲಿದ್ದರೆ?

ತಿಕೋಟಾ ಹಾದಿ · ರವಿವಾರ, ಬೆಳಿಗ್ಗೆ 7:40

ನಮಸ್ಕಾರ. ನಾನು ವಿಜಯಪುರದವಳು, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಲೆಕ್ಕಕ್ಕೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ತಿಕೋಟಾ ಕಡೆ ನನ್ನ ತಮ್ಮನ ಮೂರು ಎಕರೆ ದ್ರಾಕ್ಷಿ ತೋಟವಿದೆ. ಈ ಸಲ ಹೊರದೇಶಕ್ಕೆ ಮಾಲು ಕಳಿಸುವ ವ್ಯಾಪಾರಿಯೊಬ್ಬರು ಗೊಂಚಲು ಕತ್ತರಿಸಿ ಒಯ್ದು ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ತೋಟಕ್ಕೆ ಹೊಡೆಯುವ ಏಳು ಔಷಧಗಳ ಉಳಿಕೆ ಸಿಕ್ಕಿದೆ: ಟೆಬುಕೊನಜೋಲ್, ಡೈಫೆನೊಕೊನಜೋಲ್, ಮೈಕ್ಲೊಬ್ಯುಟಾನಿಲ್, ಅಜಾಕ್ಸಿಸ್ಟ್ರೋಬಿನ್, ಡೈಮೆಥೊಮಾರ್ಫ್, ಇಮಿಡಾಕ್ಲೊಪ್ರಿಡ್, ಕ್ಲೋರ್‌ಪೈರಿಫಾಸ್. ಕೊನೆಯ ಹೆಸರಿನಿಂದಾಗಿ ಯುರೋಪಿಗೆ ನಡೆಯುವುದಿಲ್ಲವೆಂದು ಹೇಳಿ ಅವರು ಹೋದರು. ನಮ್ಮ ದೇಶದ ಅಂಕಣದಲ್ಲಿ ಮಾತ್ರ ಏಳರ ಮುಂದೆಯೂ ‘ಮಿತಿಯೊಳಗೆ’ ಎಂದೇ ಇದೆ.

ಮಾಲು ಇಲ್ಲಿನ ಮಾರುಕಟ್ಟೆಗೆ ಹೋಯಿತು. ಒಂದು ಬುಟ್ಟಿ ನಮ್ಮ ಮನೆಗೂ ಬಂತು. ಆರು ವರ್ಷದ ಮಗಳು ಬುಟ್ಟಿಯ ಪಕ್ಕದಿಂದ ಏಳುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಏಳು ಮಂದಿ ಸೊಸೆಯಂದಿರು ಒಬ್ಬರಿಗೊಬ್ಬರು ಹೇಳದೆ ಅಡುಗೆಮನೆಗೆ ಹೋಗಿ, ಪ್ರತಿಯೊಬ್ಬರೂ ಸಾರಿಗೆ ಹದವಾಗಿ ಉಪ್ಪು ಹಾಕಿ ಬಂದರೆ ಆ ಸಾರನ್ನು ಉಣ್ಣಬಹುದೇ?

ಡೋಣಿ ದಂಡೆ · 7:52

ವರದಿ ಓದುತ್ತಾ ಕೂತರೆ ದ್ರಾಕ್ಷಿ ಬುಟ್ಟಿಯಲ್ಲೇ ಒಣಗಿ ಮಣೂಕವಾಗುತ್ತದೆ ಅಕ್ಕಾ. ತೊಳೆದು ತಿನ್ನಿ.

ಹಳೇ ಬಾವಿ · 8:05

ನಮ್ಮ ಅಜ್ಜ 92 ವರ್ಷ ಬದುಕಿದರು. ಯಾವ ವರದಿಯನ್ನೂ ಓದಿರಲಿಲ್ಲ.

ಎಡದಂಡೆ ಕಾಲುವೆ · 8:11

ಹಳೇ ಬಾವಿ ಕಾಕಾ, ನಿಮ್ಮ ಅಜ್ಜ ಉಂಡದ್ದು ಮಳೆಯಾಶ್ರಿತ ಜೋಳ, ಗುರೆಳ್ಳು ಚಟ್ನಿ. ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟ್ನಿಯಿಂದ ಕಟಾವಿನವರೆಗೆ ವಾರಕ್ಕೆರಡು ಸಲ ಔಷಧ ಕುಡಿದ ದ್ರಾಕ್ಷಿಯನ್ನಲ್ಲ. ಅದೂ ಅಲ್ಲದೆ 92 ವರ್ಷ ಬದುಕಿದ ಅಜ್ಜಂದಿರ ಕತೆಯನ್ನು ಎಲ್ಲರೂ ಹೇಳುತ್ತಾರೆ. 50ಕ್ಕೆ ಹೋದವರ ಮೊಮ್ಮಕ್ಕಳು ಇಲ್ಲಿ ಬಂದು ಬರೆಯುವುದಿಲ್ಲ.

ಹಳೇ ಬಾವಿ · 8:14

ಸರಿಯಪ್ಪ, ಅಜ್ಜನನ್ನು ಬಿಟ್ಟುಬಿಡು.

ಗಾಜಿನ ನಳಿಕೆ · 8:47

ಬಾಗಲಕೋಟೆಯವನು, ಇಂಥ ಪರೀಕ್ಷೆ ಮಾಡುವ ಕೆಲಸದಲ್ಲೇ ಕೆಲವು ವರ್ಷ ಇದ್ದೆ. ಅಕ್ಕನವರೇ, ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸಬೇಕು.

ವರದಿಯಲ್ಲಿರುವುದು ಉಳಿಕೆ ಮಿತಿ. ಶಿಫಾರಸು ಮಾಡಿದ ಪ್ರಮಾಣದಲ್ಲಿ ಹೊಡೆದು, ಹೇಳಿದಷ್ಟು ದಿನ ಕಾದು ಕೊಯ್ದರೆ ಹಣ್ಣಿನಲ್ಲಿ ಹೆಚ್ಚೆಂದರೆ ಎಷ್ಟು ಉಳಿಯಬಹುದು ಎಂಬುದು ಆ ಅಂಕಿ. ಅಂದರೆ ಅದು ರೈತ ಕ್ರಮ ಪಾಲಿಸಿದನೇ ಎಂದು ನೋಡುವ ಗೆರೆ. ತಿನ್ನುವವರ ಮೈಗೆ ಎಷ್ಟು ತಾಳುತ್ತದೆ ಎಂಬುದಕ್ಕೆ ಬೇರೆಯೇ ಅಂಕಿ ಇದೆ. ಜೀವಮಾನವಿಡೀ ದಿನಾ ಸೇವಿಸಿದರೂ ತೊಂದರೆ ಕಾಣದಷ್ಟು, ಮೈತೂಕದ ಪ್ರತಿ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು. ಅದನ್ನು ದಿನದ ಮಿತಿ ಎನ್ನೋಣ. ಪ್ರಾಣಿಗಳಲ್ಲಿ ತೊಂದರೆ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸಿ ಅದನ್ನು ಪಡೆಯುತ್ತಾರೆ. ಪ್ರಾಣಿಗೂ ಮನುಷ್ಯನಿಗೂ ಇರುವ ಅಂತರಕ್ಕೆ 10, ಮನುಷ್ಯರಲ್ಲೇ ಮಗು, ಬಸುರಿ, ಮುದುಕರು ಎಂಬ ಅಂತರಕ್ಕೆ ಇನ್ನೊಂದು 10.

ಇನ್ನು ನಿಮ್ಮ ಸಾರು. ಏಳು ಸೊಸೆಯಂದಿರು ಎಂದಿರಿ, ಆದರೆ ಏಳೂ ಜನ ಉಪ್ಪನ್ನೇ ಹಾಕಿಲ್ಲ. ಪಟ್ಟಿಯ ಮೊದಲ ಮೂವರು ಒಂದೇ ಮನೆತನದವರು, ಟ್ರಯಾಜೋಲ್‌ಗಳು. ಅತಿಯಾದರೆ ಮೂವರೂ ಪೆಟ್ಟು ಕೊಡುವುದು ಯಕೃತ್ತಿಗೆ. ಇದು ಉಪ್ಪಿನ ಮೇಲೆ ಉಪ್ಪು, ಕೂಡಿಸಲೇಬೇಕು. ಕ್ಲೋರ್‌ಪೈರಿಫಾಸ್ ನರದ ಕಡೆಯದು, ಅದು ಖಾರ. ಉಪ್ಪಿಗೆ ಖಾರ ಕೂಡಿಸಿ ಒಟ್ಟು ಇಷ್ಟು ಎಂದು ಹೇಳಲಾಗುವುದಿಲ್ಲ. ಆದರೆ ಮನೆಯಲ್ಲಿ ಬದನೆ, ಹೂಕೋಸಿನ ಮೂಲಕ ಅದೇ ಆರ್ಗನೊಫಾಸ್ಫೇಟ್ ಜಾತಿಯ ಇನ್ನೆರಡು ಬಂದಿದ್ದರೆ ಅವು ಈ ಖಾರಕ್ಕೆ ಸೇರುತ್ತವೆ.

ಅಮೆರಿಕದಲ್ಲಿ 1996ರ ಕಾಯ್ದೆಯೇ ಹೀಗೆ ಜಾತಿವಾರು ಕೂಡಿಸಿ ನೋಡಬೇಕು ಎಂದಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಕೂಡಿಸುವ ವಿಧಾನವನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಟ್ರಯಾಜೋಲ್‌ಗಳನ್ನೇ. ನಮ್ಮಲ್ಲಿ ಉಳಿಕೆ ಮಿತಿಗಳಿರುವುದು ಒಂದೊಂದು ಹೆಸರಿಗೆ ಒಂದೊಂದರಂತೆ.

ಡೋಣಿ ದಂಡೆ · 8:55

ಸಾರನ್ನು ಇಷ್ಟು ಬಿಡಿಸಿ ಹೇಳಿದವರನ್ನು ನಾನು ನೋಡಿಲ್ಲ.

ನಿಂಬೆಹುಳಿ · 9:20

ಅಕ್ಕಾ, ಮೂರು ಟ್ರಯಾಜೋಲ್‌ಗಳ ಅಂಕಿ ಹಾಕಿ. ನಮ್ಮ ಇಂಡಿ ಊರಿನಲ್ಲಿ ಇಂದು ಕರೆಂಟು ಇದೆ, ಲೆಕ್ಕ ಮಾಡುತ್ತೇನೆ.

ತಿಕೋಟಾ ಹಾದಿ · 9:31

ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ ಟೆಬುಕೊನಜೋಲ್ 0.3, ಡೈಫೆನೊಕೊನಜೋಲ್ 0.1, ಮೈಕ್ಲೊಬ್ಯುಟಾನಿಲ್ 0.15. ಕ್ಲೋರ್‌ಪೈರಿಫಾಸ್ 0.02.

ನಿಂಬೆಹುಳಿ · 10:02

ದಿನಕ್ಕೆ 200 ಗ್ರಾಂ ದ್ರಾಕ್ಷಿ ಎಂದಿಟ್ಟುಕೊಳ್ಳೋಣ. ಮೈತೂಕ 60 ಕಿಲೋ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಯ ಜಂಟಿ ತಜ್ಞರ ಪಟ್ಟಿಯಲ್ಲಿ ದಿನದ ಮಿತಿ ಟೆಬುಕೊನಜೋಲ್‌ಗೆ 0.03, ಡೈಫೆನೊಕೊನಜೋಲ್‌ಗೆ 0.01, ಮೈಕ್ಲೊಬ್ಯುಟಾನಿಲ್‌ಗೆ 0.03 ಮಿಲಿಗ್ರಾಂ.

ಟೆಬುಕೊನಜೋಲ್: 0.3ರ ಐದನೇ ಒಂದು ಪಾಲು 0.06. ಅದನ್ನು 60ರಿಂದ ಭಾಗಿಸಿದರೆ 0.001. ಮಿತಿಯ ಶೇ 3.3. ಇದೇ ರೀತಿ ಡೈಫೆನೊಕೊನಜೋಲ್ ಶೇ 3.3, ಮೈಕ್ಲೊಬ್ಯುಟಾನಿಲ್ ಶೇ 1.7. ಮೂರೂ ಸೇರಿ ಶೇ 8.3. ನೂರು ದಾಟಿದರೆ ಮಾತ್ರ ಚಿಂತೆ. ನೆಮ್ಮದಿಯಾಗಿ ತಿನ್ನಿ.

ಮೂರನೇ ಬೆಂಚು · 10:09

ಲೆಕ್ಕ ಸರಿ, ಮನುಷ್ಯರು ತಪ್ಪು. ಬುಟ್ಟಿಯ ಪಕ್ಕ ಕೂತಿರುವುದು 60 ಕಿಲೋದವರಲ್ಲ, ಆರು ವರ್ಷದ ಮಗು. 20 ಕಿಲೋ ಹಿಡಿಯಿರಿ. ಅದೇ 200 ಗ್ರಾಂಗೆ ಶೇ 10, ಶೇ 10, ಶೇ 5. ಒಟ್ಟು 25. ಮಗು ಅರ್ಧ ಕಿಲೋ ತಿಂದರೆ ಅರವತ್ತು ದಾಟಿತು. ಅಂಗಡಿಯ ತಕ್ಕಡಿಗೆ ಮಗು, ದೊಡ್ಡವರು ಎಂಬ ಭೇದವಿಲ್ಲ, ಯಕೃತ್ತಿಗೆ ಇದೆ.

ನಿಂಬೆಹುಳಿ · 10:13

ಒಪ್ಪಿದೆ, ತಪ್ಪಾಯಿತು. ಆದರೂ ನೂರರ ಒಳಗೇ ಇದೆಯಲ್ಲ.

ಗಾಜಿನ ನಳಿಕೆ · 10:30

ಇಬ್ಬರ ಲೆಕ್ಕವೂ ಸರಿ. ಒಂದು ಸೇರಿಸುತ್ತೇನೆ. ಈ 25 ದ್ರಾಕ್ಷಿಯದು ಮಾತ್ರ. ಇದೇ ಟ್ರಯಾಜೋಲ್‌ಗಳನ್ನು ದಾಳಿಂಬೆಗೆ, ಮೆಣಸಿನಕಾಯಿಗೆ, ಭತ್ತಕ್ಕೂ ಹೊಡೆಯುತ್ತಾರೆ. ತಟ್ಟೆಯಲ್ಲಿ ಏನೇನಿದೆಯೋ ಅದೆಲ್ಲ ಕೂಡಬೇಕು. ಇನ್ನೊಂದು ಕಡೆ, ದಿನದ ಮಿತಿ ಇರುವುದು ಬದುಕಿಡೀ ದಿನಾ ತಿನ್ನುವವರಿಗೆ. ದ್ರಾಕ್ಷಿ ಎರಡು ಮೂರು ತಿಂಗಳಿನ ಹಣ್ಣು. ಹಾಗಾಗಿ ಲೆಕ್ಕ ಎರಡೂ ಕಡೆ ಜಗ್ಗುತ್ತದೆ. ಮಗುವಿನ ಕೈಯಿಂದ ಬುಟ್ಟಿ ಕಸಿಯುವಷ್ಟು ಭಯ ಇದರಲ್ಲಿ ನನಗೆ ಕಾಣುವುದಿಲ್ಲ.

ಯುರೋಪಿನ ಅದೇ ಪ್ರಾಧಿಕಾರ 2020ರಲ್ಲಿ ನರಮಂಡಲ ಮತ್ತು ಥೈರಾಯ್ಡ್ ಎರಡಕ್ಕೂ ಜನರ ನಿಜವಾದ ಊಟವನ್ನಿಟ್ಟು ಕೂಡಿಸಿ ನೋಡಿತು. ಅಲ್ಲಿನ ಸರ್ಕಾರಗಳು ಹಾಕಿಕೊಂಡ ಗೆರೆಯನ್ನು ಒಟ್ಟು ಮೊತ್ತ ದಾಟಿರಲಿಲ್ಲ. ಅದು ಅವರ ತಟ್ಟೆಯ ಲೆಕ್ಕ, ನಮ್ಮದಲ್ಲ. ಆದರೆ ವಿಧಾನ ನಮಗೂ ಹೊಂದುತ್ತದೆ.

ಎಡದಂಡೆ ಕಾಲುವೆ · 10:44

ಕ್ಲೋರ್‌ಪೈರಿಫಾಸ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ. ಅದಕ್ಕೂ ಜಂಟಿ ಪಟ್ಟಿಯಲ್ಲಿ 0.01 ಇದೆ. ಭಾಗಿಸಿದರೆ ಮಗುವಿಗೆ ಶೇ 2 ಬರುತ್ತದೆ. ಆಹಾ, ಎಷ್ಟು ಚಿಕ್ಕದು! ಆದರೆ 2019ರಲ್ಲಿ ಯುರೋಪಿನವರು ಇದಕ್ಕೆ ಸುರಕ್ಷಿತ ಪ್ರಮಾಣವನ್ನು ನಿಗದಿ ಮಾಡಲು ಬರುವುದೇ ಇಲ್ಲ ಎಂದರು. ವಂಶವಾಹಿಗೆ ಹಾನಿಯ ಅನುಮಾನ, ಮಕ್ಕಳ ಮಿದುಳಿನ ಬೆಳವಣಿಗೆಯ ಆತಂಕ. 2020ರಲ್ಲಿ ಪರವಾನಗಿ ತೆಗೆದರು, ಉಳಿಕೆ ಮಿತಿಯನ್ನು 0.01ಕ್ಕೆ ಇಳಿಸಿದರು. ಅಕ್ಕನ ತಮ್ಮನ 0.02 ಅಲ್ಲಿಗೆ ಹೋಗದಿರುವುದು ಅದಕ್ಕೇ.

ಛೇದದಲ್ಲಿ ಹಾಕಲು ಅಂಕಿಯೇ ಇಲ್ಲವೆಂದ ಮೇಲೆ ಶೇ 2 ಅನ್ನುವುದು ಯಾವುದರ ಎರಡು ಪಾಲು?

ಗಾಜಿನ ನಳಿಕೆ · 10:58

ಈ ಮಾತಿಗೆ ನನ್ನ ಬಳಿ ಎದುರು ಮಾತಿಲ್ಲ. ಕೂಡಿಸುವ ಲೆಕ್ಕ ನಿಂತಿರುವುದೇ ಛೇದಗಳ ಮೇಲೆ.

ಕುಂದಾ ಡಬ್ಬಿ · 11:15

ಬೆಳಗಾವಿಯಿಂದ. ಎರಡು ವಿಷ ಸೇರಿದರೆ ಹತ್ತು ಪಟ್ಟಾಗುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಅದನ್ನು ಯಾರೂ ಹೇಳುತ್ತಿಲ್ಲ. ಬರೀ ಕೂಡಿಸುತ್ತಿದ್ದೀರಿ, ಗುಣಿಸಬೇಕಲ್ಲವೇ?

ಗಾಜಿನ ನಳಿಕೆ · 11:40

ಗುಣಿಸುವ ಉದಾಹರಣೆಗಳು ಇವೆ, ಆದರೆ ಊರಿಗೆಲ್ಲ ಹಂಚುವಷ್ಟಿಲ್ಲ. ಮ್ಯಾಲಥಿಯಾನ್ ಅನ್ನು ಮೈ ತಾನೇ ಒಡೆದು ಹಾಕುತ್ತದೆ, ಅದಕ್ಕೊಂದು ಕಿಣ್ವ ಇದೆ. ಇಪಿಎನ್ ಎಂಬ ಇನ್ನೊಂದು ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕಾವಲುಗಾರನನ್ನು ಒಬ್ಬ ಹಿಡಿದುಕೊಂಡರೆ ಇನ್ನೊಬ್ಬ ಸಲೀಸಾಗಿ ಒಳನುಗ್ಗಿದಂತೆ. ಎರಡೂ ಸೇರಿದರೆ ಕೂಡಿಸಿದ್ದಕ್ಕಿಂತ ಬಹಳ ಹೆಚ್ಚು ವಿಷವಾಗುತ್ತದೆ ಎಂದು 1957ರಲ್ಲೇ ಪ್ರಾಣಿಗಳಲ್ಲಿ ಕಂಡಿದ್ದರು. ಸೊಳ್ಳೆ ಔಷಧಗಳಿಗೆ ಬೇಕೆಂದೇ ಪೈಪರೋನಿಲ್ ಬ್ಯುಟಾಕ್ಸೈಡ್ ಬೆರೆಸುವುದೂ ಇದೇ ಉಪಾಯ. ಆದರೆ ಇವೆಲ್ಲ ದೊಡ್ಡ ಪ್ರಮಾಣದಲ್ಲಿ ಕಂಡವು. ಹಣ್ಣಿನ ಮೇಲಿನ ಉಳಿಕೆಯಂಥ ಸಣ್ಣ ಪ್ರಮಾಣದಲ್ಲಿ ಕಾವಲುಗಾರರು ಸಾಕಷ್ಟು ಮಿಕ್ಕಿರುತ್ತಾರೆ. ಅದಕ್ಕೇ ಬೇರೆ ಪುರಾವೆ ಇಲ್ಲದಿದ್ದರೆ ಕೂಡಿಸುವುದೇ ರೂಢಿ.

ಊಟದಲ್ಲೇ ನಿಜವಾದ ಗುಣಾಕಾರ ಬೇಕೆಂದರೆ ಕೀಟನಾಶಕ ಬಿಟ್ಟು ಬೂಷ್ಟು ಹಿಡಿದ ಶೇಂಗಾ ನೋಡಿ. ಅದರ ಅಫ್ಲಾಟಾಕ್ಸಿನ್ ಒಂದು ಕಡೆ, ಹೆಪಟೈಟಿಸ್ ಬಿ ಸೋಂಕು ಇನ್ನೊಂದು ಕಡೆ. ಎರಡೂ ಇರುವವರಲ್ಲಿ ಯಕೃತ್ತಿನ ಕ್ಯಾನ್ಸರ್ ಅಪಾಯ ಕೂಡಿಸಿದ್ದಕ್ಕಿಂತ ಬಹಳ ಹೆಚ್ಚು.

ಹಳೇ ಬಾವಿ · 11:46

ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಇಳಿಯುವುದು ಹೇಗೆ? ಅದನ್ನೂ ಕಿತ್ತುಕೊಳ್ಳುತ್ತೀರಾ?

ಗಾಜಿನ ನಳಿಕೆ · 11:49

ಇಲ್ಲ ಕಾಕಾ. ಮುರುಟಿದ್ದು, ಬಣ್ಣಗೆಟ್ಟದ್ದು, ಕಹಿಯಾದದ್ದನ್ನು ಆರಿಸಿ ಎಸೆಯಿರಿ. ಹುರಿದರೆ ಹೋಗುತ್ತದೆ ಎಂದು ನಂಬಬೇಡಿ, ಪೂರ್ತಿ ಹೋಗುವುದಿಲ್ಲ. ಆ ಆರಿಸಿದ್ದನ್ನು ಎಮ್ಮೆಗೂ ಹಾಕಬೇಡಿ, ಹಾಲಿನಲ್ಲಿ ವಾಪಸು ಬರುತ್ತದೆ.

ಕೆಂಪು ಚಟ್ನಿ · 12:10

ಸಂಜೆ ಗಾಡಿಯ ಗೋಬಿ ಮಂಚೂರಿ ತಿನ್ನುವವರು ಬೆಳಿಗ್ಗೆ ದ್ರಾಕ್ಷಿಗೆ ಅಳುತ್ತಿದ್ದಾರೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿಗೆ, ಬೊಂಬಾಯಿ ಮಿಠಾಯಿಗೆ ರೋಡಮೈನ್ ಬಿ ಹಾಕುವುದನ್ನು ನಿಷೇಧಿಸಿತಲ್ಲ. ನಮ್ಮ ಬಸ್ ನಿಲ್ದಾಣದ ಎದುರಿನ ಗಾಡಿಯಲ್ಲಿ ಮಾತ್ರ ಗೋಬಿ ಇನ್ನೂ ಟ್ರಾಫಿಕ್ ಸಿಗ್ನಲ್‌ನಂತೆ ಹೊಳೆಯುತ್ತಿದೆ.

ಮೂರನೇ ಬೆಂಚು · 12:18

ಅದು ಬಟ್ಟೆಯ ಬಣ್ಣ, ಅದಕ್ಕೆ ಮಿತಿಯ ಪ್ರಶ್ನೆಯೇ ಇಲ್ಲ, ಹಾಕಲೇಬಾರದು. ಅಕ್ಕ ಕೇಳುತ್ತಿರುವುದು ಅನುಮತಿ ಇದ್ದವು ಒಟ್ಟಾದರೆ ಏನೆಂದು. ಅದಕ್ಕೆ ಹತ್ತಿರದ್ದು 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮಾಡಿದ ಪ್ರಯೋಗ. ಅನುಮತಿ ಇದ್ದ ಬಣ್ಣಗಳ ಜೊತೆ ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟಾಗ ಕೆಲವು ಮಕ್ಕಳಲ್ಲಿ ಚಡಪಡಿಕೆ ಹೆಚ್ಚಿತು. ಕೊಟ್ಟದ್ದು ಮಿಶ್ರಣವಾದ್ದರಿಂದ ಯಾವುದರಿಂದ ಎಂದು ಬೊಟ್ಟು ಮಾಡಿ ತೋರಿಸಲಾಗಲಿಲ್ಲ. 2010ರಿಂದ ಯುರೋಪಿನಲ್ಲಿ ಆ ಪ್ರಯೋಗದ ಆರು ಬಣ್ಣಗಳಿರುವ ತಿನಿಸಿನ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯಬೇಕು.

ಬಿಳಿ ಬೆಲ್ಲ ಕರಿ ಬೆಲ್ಲ · 12:40

ಮಹಾಲಿಂಗಪುರದ ಕಡೆಯವನು, ಮನೆಯಲ್ಲಿ ಗಾಣವಿತ್ತು. ಬೆಲ್ಲ ಹಳದಿಯಾಗಿ ಹೊಳೆಯಬೇಕೆಂದು ಗಿರಾಕಿ ಹಟ ಹಿಡಿದಾಗ ಕೊಪ್ಪರಿಗೆಗೆ ಹೈಡ್ರೋಸ್ ಬಿತ್ತು. ಅದರಿಂದ ಉಳಿಯುವುದು ಗಂಧಕದ ಅಂಶ. ಬಂಗಾರ ಬಣ್ಣದ ಮಣೂಕಕ್ಕೂ ಗಂಧಕದ ಹೊಗೆ ಕೊಡುತ್ತಾರೆ. ಎರಡೂ ಕೂಡುವ ಜಾಗ ಯಾವುದು ಹೇಳಿ? ಕರದಂಟು!

ಗೋಕಾಕ ಫಾಲ್ಸ್ · 12:42

ಕರದಂಟಿಗೆ ಕೈ ಹಚ್ಚಬೇಡಿ.

ಬಿಳಿ ಬೆಲ್ಲ ಕರಿ ಬೆಲ್ಲ · 12:45

ಕಂದು ಬೆಲ್ಲದಲ್ಲಿ ಮಾಡಿದ್ದನ್ನು ನಾನೂ ತಿನ್ನುತ್ತೇನೆ ಅಣ್ಣಾ. ಆದರೆ ನನ್ನ ಹೆಂಡತಿಗೆ ಉಬ್ಬಸವಿದೆ. ಗಂಧಕದ ಅಂಶ ಕೆಲವು ಉಬ್ಬಸದವರಿಗೆ ಸಣ್ಣ ಪ್ರಮಾಣದಲ್ಲೂ ಆಗಿಬರುವುದಿಲ್ಲ. ಇದರ ದಿನದ ಮಿತಿ ಕಿಲೋಗೆ 0.7 ಮಿಲಿಗ್ರಾಂ. ಬೆಲ್ಲ, ಮಣೂಕ, ಬಾಟಲಿಯ ಹಣ್ಣಿನ ರಸ ಎಲ್ಲದರಿಂದ ಬಂದದ್ದೂ ಒಂದೇ ಖಾತೆಗೆ ಜಮೆ.

ಹಳ್ಳದ ನೀರು · 1:05

ಒಂದೇ ಖಾತೆಯ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಹುನಗುಂದ ಕಡೆ ಕೊಳವೆ ಬಾವಿಯಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಕುಡಿಯುವ ನೀರಿನ ಮಾನದಂಡ. ಅದೇ ನೀರಿನಲ್ಲಿ ಅಡುಗೆ, ಅದೇ ನೀರಿನಲ್ಲಿ ದಿನಕ್ಕೆ ಆರು ಸಲ ಚಹಾ, ಚಹಾಪುಡಿಯಲ್ಲೂ ಫ್ಲೋರೈಡ್. ಬಿಸಿಲಿನಲ್ಲಿ ದುಡಿಯುವವನು ನಾಲ್ಕೈದು ಲೀಟರ್ ಕುಡಿಯುತ್ತಾನೆ. ನಳದ ಬಾಯಲ್ಲಿ ಅಳೆದರೆ ಮಿತಿಯೊಳಗೆ, ಅವನ ಮೈಯಲ್ಲಿ ಅಳೆದರೆ? ನಮ್ಮೂರಿನ ಮಕ್ಕಳ ಹಲ್ಲಿನ ಕಂದು ಗೆರೆ ನೋಡಿದವರಿಗೆ ಗೊತ್ತು. ದ್ರಾಕ್ಷಿಗೆ ವರದಿಯಾದರೂ ಬಂತು.

ಸ್ವಚ್ಛ ಮನೆ · 1:30

ಇಷ್ಟೆಲ್ಲ ಯಾಕೆ? ಉಪ್ಪು, ಅರಿಶಿನ ಹಾಕಿದ ನೀರಲ್ಲಿ ಹತ್ತು ನಿಮಿಷ ನೆನೆಸಿ. ನೂರಕ್ಕೆ ನೂರು ಹೋಗುತ್ತದೆ. ನಾನು ಯಂತ್ರವನ್ನೂ ತಂದಿದ್ದೇನೆ, ಗುಳ್ಳೆ ಬರುತ್ತದೆ.

ಮೂರನೇ ಬೆಂಚು · 1:41

ಗುಳ್ಳೆ ಬರುವುದು ನಿಜ, ನೂರಕ್ಕೆ ನೂರು ಸುಳ್ಳು. ಹೊರಗೆ ಕೂತದ್ದು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಎರಡು ಔಷಧ ಹಚ್ಚಿ ಅಡುಗೆ ಸೋಡಾದ ನೀರಿನಲ್ಲಿ ನೆನೆಸಿದರು. ಸಿಪ್ಪೆಯ ಮೇಲಿದ್ದದ್ದು 12ರಿಂದ 15 ನಿಮಿಷದಲ್ಲಿ ತೊಳೆದುಹೋಯಿತು. ಒಳಗೆ ಇಳಿದದ್ದು ಅಲ್ಲೇ ಉಳಿಯಿತು. ಟೆಬುಕೊನಜೋಲ್, ಇಮಿಡಾಕ್ಲೊಪ್ರಿಡ್ ಎರಡೂ ಗಿಡದೊಳಗೆ ಇಳಿಯುವ ಜಾತಿ. ತೊಳೆಯಿರಿ, ಖಂಡಿತ ತೊಳೆಯಿರಿ. ಯಂತ್ರದ ದುಡ್ಡಿಗೆ ಮಾತ್ರ ಅಳಬೇಡಿ.

ಸ್ವಚ್ಛ ಮನೆ · 1:44

ಅಳುತ್ತಿಲ್ಲ. ಕಂತು ಇನ್ನೂ ನಾಲ್ಕಿದೆ.

ಮಣ್ಣಿನ ಮಗ · 2:00

ಸಾವಯವ ತಿನ್ನಿ, ಪ್ರಶ್ನೆಯೇ ಇರುವುದಿಲ್ಲ.

ಬ್ಲೋವರ್ ಮಾಲೀಕ · 2:35

ಮಣ್ಣಿನ ಮಗ ಅಣ್ಣಾ, ಬೋರ್ಡೋ ದ್ರಾವಣದ ತಾಮ್ರವನ್ನೂ ಗಂಧಕವನ್ನೂ ಸಾವಯವದವರು ಹೊಡೆಯುತ್ತಾರೆ. ಉಳಿಕೆ ಕಡಿಮೆ, ಒಪ್ಪುತ್ತೇನೆ. ಅಕಾಲಕ್ಕೆ ಮಳೆ ಬಿದ್ದು ಬಳ್ಳಿಗೆ ಡೌನಿ ರೋಗ ಬಂದ ರಾತ್ರಿ ನಮ್ಮ ಬಬಲೇಶ್ವರಕ್ಕೆ ಬಂದು ಮಲಗಿ, ಆಮೇಲೆ ಬೋಧಿಸಿ.

ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಎಲ್ಲರೂ ತಿನ್ನುವವರ ಲೆಕ್ಕ ಮಾಡಿದಿರಿ. ಹೊಡೆಯುವವನ ಲೆಕ್ಕ ಹೇಳುತ್ತೇನೆ ಕೇಳಿ. 200 ಲೀಟರಿನ ನೀಲಿ ಬ್ಯಾರಲ್. ಡೌನಿಗೆ ಒಂದು, ಬೂದಿ ರೋಗಕ್ಕೆ ಒಂದು, ನುಸಿಗೆ ಒಂದು, ಜೊತೆಗೆ ಅಂಗಡಿಯವನು ‘ಇದನ್ನೂ ಹಾಕಿ, ಕಾಯಿಗೆ ಹೊಳಪು ಬರುತ್ತದೆ’ ಎಂದು ಕೊಟ್ಟ ಹೆಸರಿಲ್ಲದ ಬಾಟಲಿ. ನಾಲ್ಕು ಸಲ ಟ್ರ್ಯಾಕ್ಟರ್ ಹೊರಡಿಸುವ ಡೀಸೆಲ್ ಯಾರು ಕೊಡುತ್ತಾರೆ? ಎಲ್ಲ ಒಂದೇ ಬ್ಯಾರಲ್‌ಗೆ. ಹುಡುಗ ಬೇವಿನ ಕೋಲಿನಿಂದ ತಿರುಗಿಸುತ್ತಾನೆ, ಮೊಣಕೈವರೆಗೆ ನೊರೆ. ಕೈಚೀಲ ಕೊಟ್ಟರೆ ಸೆಕೆ ಎಂದು ಬಿಸಾಡುತ್ತಾನೆ. ಬ್ಲೋವರ್ ಹಿಂದಿನಿಂದ ಮಂಜಿನಂತೆ ಉಗುಳುವಾಗ ಗಾಳಿ ತಿರುಗಿದರೆ ನನ್ನ ತುಟಿಗೇ ಕಹಿ. ಹಣ್ಣಿನಲ್ಲಿ ಮಿಲಿಗ್ರಾಂ ಹುಡುಕುತ್ತೀರಿ, ನಮ್ಮ ಅಂಗಿ ಹಿಂಡಿದರೆ ಗ್ರಾಂನಲ್ಲಿ ಸಿಗುತ್ತದೆ.

ಥಿನ್ನಿಂಗ್ ಕತ್ತರಿ · 2:52

ನನ್ನ ಅವ್ವ ಥಿನ್ನಿಂಗ್‌ಗೆ, ಅಂದರೆ ಗೊಂಚಲಿನ ಕಾಯಿ ಕತ್ತರಿಸಿ ವಿರಳ ಮಾಡುವ ಕೆಲಸಕ್ಕೆ, ಹೋಗುತ್ತಾಳೆ. ಔಷಧ ಹೊಡೆದ ಮರುದಿನವೇ ಚಪ್ಪರದ ಕೆಳಗೆ, ಮುಖ ಮೇಲೆ ಮಾಡಿ, ಇಡೀ ದಿನ. ಸಂಜೆ ಬೆರಳು ಹಳದಿಯಾಗಿರುತ್ತವೆ. ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಾರೆ. ಕೈ ತೊಳೆಯಲು ಇಡುವ ನೀರು ಕುಡಿಯುವುದಕ್ಕೇ ಸಾಲುವುದಿಲ್ಲ.

ಎಡದಂಡೆ ಕಾಲುವೆ · 2:58

ತಂಗೀ, ಯಾವ ವರದಿಯಲ್ಲೂ ಆ ರೊಟ್ಟಿಗೆ ಅಂಕಣವಿಲ್ಲ.

ಗಾಜಿನ ನಳಿಕೆ · 3:10

ನಿಜ. ದಿನದ ಮಿತಿ ಬಾಯಿಂದ ಹೋಗುವುದಕ್ಕೆ ಮಾತ್ರ. ಚರ್ಮದಿಂದ, ಉಸಿರಿನಿಂದ ಹೋಗುವುದನ್ನು ಬೇರೆ ಅಳೆಯಬೇಕು, ಆಮೇಲೆ ಅದನ್ನೂ ಕೂಡಬೇಕು. ಅಕ್ಕನವರೇ, ತಮ್ಮ ಔಷಧದ ವಹಿ ಇಟ್ಟಿದ್ದರೆ ಒಮ್ಮೆ ನೋಡಿ. ಪುಡಿಕೆಯ ಹೆಸರಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಓದಿ.

ತಿಕೋಟಾ ಹಾದಿ · ಸೋಮವಾರ, ಸಂಜೆ 6:20

ಶಾಲೆ ಮುಗಿಸಿ ತೋಟಕ್ಕೆ ಹೋಗಿದ್ದೆ. ವಹಿ ಇದೆ, ಕ್ಯಾಲೆಂಡರಿನ ಹಿಂಬದಿಯಲ್ಲಿ. ‘ಒಂದೇ ಔಷಧ ಮೇಲಿಂದ ಮೇಲೆ ಹೊಡೆದಿಲ್ಲ ಅಕ್ಕಾ, ಬದಲಿಸಿ ಬದಲಿಸಿ ಹೊಡೆದಿದ್ದೇನೆ’ ಎಂದು ತಮ್ಮ ಹೆಮ್ಮೆಯಿಂದ ತೋರಿಸಿದ. ಖಾಲಿ ಡಬ್ಬಿಗಳನ್ನು ಸಾಲಾಗಿ ಇಟ್ಟು ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದೆ. ಮೊದಲನೆಯದು ಅಜಾಕ್ಸಿಸ್ಟ್ರೋಬಿನ್ ಮತ್ತು ಡೈಫೆನೊಕೊನಜೋಲ್. ಎರಡನೆಯದು ಅಜಾಕ್ಸಿಸ್ಟ್ರೋಬಿನ್ ಮತ್ತು ಟೆಬುಕೊನಜೋಲ್. ಮೂರನೆಯದು ಬರೀ ಟೆಬುಕೊನಜೋಲ್. ನಾಲ್ಕನೆಯದು ಮೈಕ್ಲೊಬ್ಯುಟಾನಿಲ್. ಬೇರೆ ಬೇರೆ ಬಣ್ಣದ ನಾಲ್ಕು ಡಬ್ಬಿ, ನಾಲ್ಕರಲ್ಲೂ ಅದೇ ಮನೆತನ. ಅವನು ಬದಲಿಸಿದ್ದು ಡಬ್ಬಿಯನ್ನು. ಸೊಸೆಯಂದಿರು ಒಬ್ಬರಿಗೊಬ್ಬರು ಹೇಳಿರಲಿಲ್ಲ ನೋಡಿ!

ಕ್ಲೋರ್‌ಪೈರಿಫಾಸ್ ವಹಿಯಲ್ಲೇ ಇಲ್ಲ. ಪಕ್ಕದ ತೋಟದ ಬ್ಲೋವರ್‌ನಿಂದ ಗಾಳಿಗೆ ಬಂದಿದೆ ಎಂದು ತಮ್ಮ. ಹೋದ ವರ್ಷ ಹಿಟ್ಟು ತಿಗಣೆಗೆ ಬಳಸಿದ ಬ್ಯಾರಲ್ ತೊಳೆಯದೆ ಮತ್ತೆ ಕಲಸಿದ್ದೀಯ ಎಂದು ಅಪ್ಪ. ನಾನು ಬರುವಾಗಲೂ ಜಗಳ ನಡೆದಿತ್ತು.

ಬ್ಲೋವರ್ ಮಾಲೀಕ · 6:41

ಎರಡೂ ಆಗಿರಬಹುದು. ಒಂದೇ ಗುಂಪಿನದು ನಾಲ್ಕು ಸಲ ಎಂದರೆ ಬೂದಿ ರೋಗವೂ ಅದಕ್ಕೆ ಬಗ್ಗುವುದನ್ನು ಬಿಡುತ್ತದೆ, ತಮ್ಮನಿಗೆ ಹೇಳಿ. ಆ ದುಡ್ಡೂ ಹೋಯಿತು.

ಡೋಣಿ ದಂಡೆ · 6:50

ಬುಟ್ಟಿ ಏನಾಯಿತು ಅಕ್ಕಾ?

ತಿಕೋಟಾ ಹಾದಿ · 7:15

ತೊಳೆದು, ಒಂದು ಬಟ್ಟಲು ಎಂದು ಅಳೆದು ಮಗಳಿಗೆ ಕೊಡುತ್ತಿದ್ದೇನೆ. ಎರಡನೇ ಬಟ್ಟಲಿಗೆ ಅಳು, ಅದು ನಡೆದೇ ಇದೆ.

ತಮ್ಮ ಹೊಸ ಬ್ಯಾರಲ್ ತರುತ್ತಾನಂತೆ. ಹಳೆಯದನ್ನು ಅವ್ವ ಆಗಲೇ ಕೊಟ್ಟಿಗೆಯ ಬಾಗಿಲಿಗೆ ಉರುಳಿಸಿಕೊಂಡು ಬಂದಿದ್ದಳು, ಎಮ್ಮೆಗಳಿಗೆ ನೀರು ತುಂಬಿಸಲು ಬರುತ್ತದೆಂದು. ಹಾರೆ ತೆಗೆದುಕೊಂಡು ತಳಕ್ಕೆ ಮೂರು ತೂತು ಹೊಡೆದು ಬಂದೆ. ಅವ್ವ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ.